ಎತ್ತರದ ಮಾತ್ರೆ

ನನ್ನ ಮಗನ ಮನಸ್ಸಿನ ಕಾಯಿಲೆಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನಾನು ಎತ್ತರ ಬೆಳೆಯುವ ಮಾತ್ರೆ ಎಂದು ಹೇಳಿ ನುಂಗಿಸಿದೆ. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಆ ಮಾತ್ರೆಯಿಂದ ಕೆಲವು ಮಕ್ಕಳ ಬೆಳವಣಿಗೆ ನಿಧಾನವಾಗಬಹುದು, ಎತ್ತರ ತೂಕ ಅಳೆಸುತ್ತಲೇ ಇರಬೇಕು ಎಂದು ಡಾಕ್ಟರು ಎದುರು ಕೂರಿಸಿಕೊಂಡು ಹೇಳಿದ್ದರು. ಕೇಳಿಸಿಕೊಂಡಿದ್ದೆ. ಅರ್ಥವೂ ಆಗಿತ್ತು. ಆಮೇಲೆ ನಾನು ಅಳೆಸುವುದನ್ನು ನಿಲ್ಲಿಸಿದೆ, ಮಾತ್ರೆಯನ್ನು ನಿಲ್ಲಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆ ಇಟ್ಟುಕೊಂಡರೆ ನಡುವೆ ಎಲ್ಲೋ ನಿಮಗೆ ನನ್ನ ಮೇಲೆ ಕನಿಕರ ಬಂದುಬಿಟ್ಟೀತು — ಕಥೆ ಕಟ್ಟಿ ಹೇಳುವುದರಲ್ಲಿ ನಾನು ಸ್ವಲ್ಪ ಜಾಣೆ, ನನ್ನ ತೊಂದರೆಯೇ ಅದು.

ನಾವು ಉಡುಪಿ ಕಡೆಯವರು. ಗಂಡ ಸುಧಾಕರ ಮುಂಬಯಿಯ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಅವರ ಹಗಲೆಲ್ಲ ಅಲ್ಲೇ, ಭಾನುವಾರವೂ ಅಷ್ಟೇ. ಮನೆ ಮುಲುಂಡಿನಲ್ಲಿ. ಮಗ ನಿಶಾಂತ, ಕರೆಯುವುದು ನಿಶು ಎಂದು, ಒಬ್ಬನೇ. ಅವನ ಜ್ವರ, ಶಾಲೆ, ಊಟ, ಹಟ ಎಲ್ಲ ನನ್ನ ಇಲಾಖೆ. “ನೀನೇ ನೋಡ್ಕೊ, ನಿಂಗೆ ಗೊತ್ತಾಗ್ತದೆ” ಎಂಬುದು ಗಂಡನ ಖಾಯಂ ಮಾತು. ಈ ವಿಷಯದಲ್ಲೂ ಅದನ್ನೇ ಹೇಳಿದರು. ಅವರಿಗೆ ಎಲ್ಲ ತಿಳಿದಿತ್ತು, ಆದರೆ ನಾನು ತಿಳಿಸಿದಷ್ಟೇ ತಿಳಿದಿತ್ತು. ಅವರನ್ನು ದೂರಲು ಹೊರಟರೆ ನನಗೆ ನಾಚಿಕೆಯಾಗಬೇಕು.

ನಿಶುವಿಗೆ ಹತ್ತು ತುಂಬಿದ ವರ್ಷ ಅವನು ಒಳಗೊಳಗೇ ಕುಗ್ಗತೊಡಗಿದ. ಏನಾಯಿತು ಎಂದು ಕೇಳಿದರೆ — ಏನೂ ಆಗಲಿಲ್ಲ. ಯಾರೂ ಹೊಡೆಯಲಿಲ್ಲ, ಮನೆಯಲ್ಲಿ ಯಾರೂ ಸಾಯಲಿಲ್ಲ, ಪರೀಕ್ಷೆಯಲ್ಲಿ ಫೇಲಾಗಲಿಲ್ಲ. ಒಂದು ಕಾರಣಕ್ಕಾಗಿ ನಾನು ತಿಂಗಳುಗಟ್ಟಲೆ ಹುಡುಕಿದೆ. ಸಿಕ್ಕಿದ್ದರೆ ಅದರ ಜೊತೆ ಜಗಳವಾದರೂ ಆಡಬಹುದಿತ್ತು. ಮೊದಲು ಕ್ರಿಕೆಟ್ಟು ಬಿಟ್ಟ. ಆಮೇಲೆ ಬಿಲ್ಡಿಂಗಿನ ಕೆಳಗೆ ಇಳಿಯುವುದನ್ನೇ ಬಿಟ್ಟ. ನೀರುದೋಸೆ ಎಂದರೆ ಪ್ರಾಣ ಬಿಡುತ್ತಿದ್ದವನು ಅದನ್ನು ತಟ್ಟೆಯಲ್ಲಿ ಮಡಚುತ್ತ ಬಿಡಿಸುತ್ತ ಕೂರುತ್ತಿದ್ದ. ಬೈದೆ, ಮುದ್ದು ಮಾಡಿದೆ, ದೃಷ್ಟಿ ತೆಗೆದೆ, ಮೊಬೈಲ್ ಕಸಿದುಕೊಂಡೆ, ಮತ್ತೆ ಕೊಟ್ಟೆ. ಒಂದು ಮಧ್ಯಾಹ್ನ ನಾವಿಬ್ಬರೂ ಮುಲುಂಡ್ ಸ್ಟೇಷನ್ನಿನಲ್ಲಿ ಲೋಕಲಿಗೆ ಕಾಯುತ್ತಿದ್ದೆವು. ಫಾಸ್ಟ್ ಟ್ರೇನೊಂದು ನಿಲ್ಲದೆ ಹಾದುಹೋಯಿತು. ಅದರ ಗಾಳಿಗೆ ನನ್ನ ಸೆರಗು ಹಾರಿ ಅವನ ಮುಖದ ಮೇಲೆ ಬಿತ್ತು. ಅದನ್ನು ಸರಿಸುತ್ತ, ಹೋಮ್‌ವರ್ಕಿನ ಸಂಶಯ ಕೇಳುವವನ ಹಾಗೆ ಕೇಳಿದ:

“ಮಮ್ಮಿ, ನಾನು ಇಲ್ಲ ಆದ್ರೆ ನಿಂಗೆ ಟೆನ್ಷನ್ ಕಮ್ಮಿ ಆಗ್ತದಲ್ಲ?”

ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಎಷ್ಟು ಜೋರಾಗಿ ಹಿಡಿದಿದ್ದೆನೆಂದರೆ ಮನೆಗೆ ಬಂದ ಮೇಲೂ ಅಲ್ಲಿ ನನ್ನ ಬೆರಳಿನ ಗುರುತಿತ್ತು.

ಶಾಲೆಯವರೇ ಒಬ್ಬ ಮಕ್ಕಳ ಮನೋವೈದ್ಯೆಯ ಹೆಸರು ಹೇಳಿದರು. ವಯಸ್ಸಾದ ಮರಾಠಿ ಹೆಂಗಸು, ಅವಸರವೇ ಇಲ್ಲದವರು. ಕೆಲವು ತಿಂಗಳು ಬರೀ ಮಾತು, ಆಟ, ಚಿತ್ರ ಬಿಡಿಸುವುದು. ಅದೊಂದೇ ಸಾಲದು ಅನ್ನಿಸಿದ ಮೇಲೆ ಖಿನ್ನತೆಯ ಮಾತ್ರೆ ಶುರು ಮಾಡಿದರು, ತೀರ ಸಣ್ಣ ಪ್ರಮಾಣದಲ್ಲಿ. ಹೊಟ್ಟೆ ತೊಳಸಬಹುದು, ನಿದ್ದೆ ಕೆಡಬಹುದು, ಮೊದಮೊದಲು ಚಡಪಡಿಕೆ ಹೆಚ್ಚಬಹುದು, ಹಾಗಾದರೆ ಕೂಡಲೇ ಫೋನ್ ಮಾಡಬೇಕು — ಎಲ್ಲವನ್ನೂ ಬಿಡಿಸಿ ಹೇಳಿದರು. ಎಲ್ಲ ಮಕ್ಕಳಿಗೂ ಅಲ್ಲ, ಆದರೆ ಕೆಲವರಿಗೆ ಹಸಿವು ಇಂಗಿ, ಎತ್ತರ ತೂಕ ಏರುವುದು ನಿಧಾನವಾಗುತ್ತದೆ, ಅದಕ್ಕೇ ತಪ್ಪದೆ ಕರೆದುಕೊಂಡು ಬನ್ನಿ, ಅಳೆಯೋಣ ಎಂದರು. ನಾವು ಏಳುವಾಗ ಎರಡು ಮಾತು ಒತ್ತಿ ಹೇಳಿದರು.

“ಅಪನೇ ಮನ್ ಸೇ ಬಂದ್ ಮತ್ ಕರನಾ. ಔರ್ ಬಚ್ಚೇ ಕೋ ಸಚ್ ಬತಾನಾ, ವೊ ಸಮಝೇಗಾ.”

ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು, ಮಗುವಿಗೆ ನಿಜ ಹೇಳಬೇಕು. ಎರಡಕ್ಕೂ ನಾನು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಹಾಲಿನ ಲೋಟದ ಪಕ್ಕ ಮಾತ್ರೆ ಇಟ್ಟಾಗ, “ಇದು ಎಂತ?” ಎಂದ. ನಿಜ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಬಾಯಿಗೆ ಬಂದದ್ದು ಬೇರೆ. “ಉದ್ದ ಆಗುವ ಗೋಲಿ” ಎಂದೆ. ಶಾಲೆಯ ಸಾಲಿನಲ್ಲಿ ಅವನು ಎಲ್ಲರಿಗಿಂತ ಮುಂದೆ ನಿಲ್ಲಬೇಕಿತ್ತು, ಅದು ಅವನಿಗೆ ಅವಮಾನ ಎನಿಸುತ್ತಿತ್ತು. ನನಗೆ ಅದು ಗೊತ್ತಿತ್ತು. ತಿಂಗಳುಗಳಿಂದ ಮಂಕಾಗಿದ್ದ ಆ ಮುಖ ಒಂದು ಕ್ಷಣ ಅರಳಿತು. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಲೋಟದ ಹಾಲನ್ನೆಲ್ಲ ಕುಡಿದ. ಅಷ್ಟು ಸುಲಭ ಮಾಡಿಕೊಟ್ಟ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ನನಗೆ ಆಗಲಿಲ್ಲ.

ಅದೊಂದೇ ಕಾರಣವಲ್ಲ. ಮಗು ಬಾಯಿಬಿಡುವುದೆಂಬ ಭಯ. ಹೋಟೆಲಿನವರಾದ ನಮ್ಮ ಲೋಕ ಬಲು ಸಣ್ಣದು — ನಮ್ಮವರೇ ತುಂಬಿದ ಮಾಟುಂಗದಲ್ಲಿ ಬೆಳಿಗ್ಗೆ ಒಬ್ಬರು ಕೆಮ್ಮಿದರೆ ಸಂಜೆಗೆ ಉಡುಪಿಯಲ್ಲಿ ಅವರ ಬಗ್ಗೆ ಕನಿಕರ ಪಡುತ್ತಾರೆ. ಸುಧಾಕರರ ತಂಗಿಗೆ ಆಗ ಗಂಡು ನೋಡುತ್ತಿದ್ದರು. ಆ ಮನೆಯ ಹುಡುಗ ತಲೆಗೆ ಮದ್ದು ತಿನ್ನುತ್ತಾನಂತೆ ಎಂಬ ಒಂದು ಮಾತು ಸಾಕಿತ್ತು. ಹೀಗೆ ನಾನು ಲೆಕ್ಕ ಹಾಕಿದೆ. ಮಗುವಿನ ಕಾಯಿಲೆಗಿಂತ ಅದರ ಸುದ್ದಿಗೆ ಹೆಚ್ಚು ಹೆದರಿದೆ.

ಮಾತ್ರೆ ಕೆಲಸ ಮಾಡಿತು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದನ್ನು ಓದಿ ಯಾವುದಾದರೂ ತಾಯಿ ತನ್ನ ಮಗುವಿನ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿಬಿಟ್ಟರೆ ಆ ಪಾಪವೂ ನನ್ನ ತಲೆಗೇ ಬರುತ್ತದೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬಚ್ಚಲಿನಲ್ಲಿ ಏನೋ ಗುನುಗುತ್ತಿದ್ದ. ಒಲೆಯ ಮುಂದೆ ಸೌಟು ಹಿಡಿದುಕೊಂಡೇ ನಿಂತೆ, ದೋಸೆ ಸೀದುಹೋಯಿತು. ಆಮೇಲೆ ಕೆಳಗೆ ಆಡಲು ಹೋದ. ಆಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಂದ. ಆ ಗಾಯಕ್ಕೆ ಅರಿಶಿನ ಹಚ್ಚುವಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಆ ವರ್ಷವೇ ಅವನನ್ನು ಯಕ್ಷಗಾನಕ್ಕೆ ಸೇರಿಸಿದೆವು. ನನ್ನ ಭಾವ, ಗಂಡನ ಅಣ್ಣ ವಾಸುದೇವ, ಮಾಟುಂಗದ ಒಂದು ಸಭಾಂಗಣದಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಹೆಜ್ಜೆ ಕಲಿಸುತ್ತಾರೆ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಹಾಗಾದರೂ ನಾಲ್ಕು ಕನ್ನಡ ಶಬ್ದ ಬರಲಿ ಎಂಬ ಆಸೆ ನಮ್ಮವರದು. ಮಾತುಗಳನ್ನು ಅವರು ಹಿಂದಿ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆಯುತ್ತಾರೆ. ಮನೆಯಲ್ಲಿ “ಮಮ್ಮಿ, ಪಾನಿ ಕೊಡು” ಎನ್ನುವ ನನ್ನ ಮಗ ರಂಗದ ಮೇಲೆ ಹೋಗಿ “ತಾಯೇ, ಅಪ್ಪಣೆಯಾಗಲಿ” ಎಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಚೆಂಡೆಯ ಪೆಟ್ಟಿಗೆ ಅವನ ಕಾಲು ತಾನಾಗಿ ಏಳುತ್ತಿತ್ತು. ಪುಟ್ಟ ರಾಜಕುಮಾರ, ಋಷಿಯ ಮಗ, ಇಂಥ ಬಾಲವೇಷ ಯಾವುದಿದ್ದರೂ ಅವನೇ.

ನಮ್ಮ ಮೇಳದಲ್ಲಿ ಬಾಲವೇಷದ ಬಟ್ಟೆಯನ್ನು ಮಡಿಕೆ ಹಿಡಿದು ಹೊಲಿಯುತ್ತಾರೆ. ಭಾವನ ಹೆಂಡತಿ ಗಿರಿಜಕ್ಕನ ಕೆಲಸ ಅದು. ಅಂಚಿನಲ್ಲಿ, ತೋಳಿನಲ್ಲಿ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿದಿರುತ್ತಾರೆ. ಪ್ರತಿ ವರ್ಷ ವಾರ್ಷಿಕೋತ್ಸವದ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆಳೆದ ಮಗುವಿಗೆ ಒಂದೊಂದು ಮಡಿಕೆ ಬಿಚ್ಚುತ್ತ ಬರುತ್ತಾರೆ. ಮಡಿಕೆ ಮುಗಿದರೆ ಬಾಲವೇಷ ಮುಗಿಯಿತು, ಆ ಹುಡುಗ ಮುಂದೆ ಪುಂಡುವೇಷಕ್ಕೆ, ಅಂದರೆ ಹರೆಯದ ವೀರರ ಪಾತ್ರಕ್ಕೆ ಹೋಗುತ್ತಾನೆ. ಎರಡನೆಯ ವರ್ಷ ನಿಶು ಬಟ್ಟೆ ತೊಟ್ಟು ನಿಂತ. ಗಿರಿಜಕ್ಕ ಕತ್ತರಿ ಹಿಡಿದು ಅವನ ಕಾಲ ಬಳಿ ಕೂತರು, ನೋಡಿದರು, ಕತ್ತರಿ ಕೆಳಗಿಟ್ಟರು.

“ಇವಂದು ಬಿಚ್ಚುದೇ ಬೇಡ, ಸಮಾ ಉಂಟು” ಎಂದರು.

ಭಾವನಿಗೆ ಖುಷಿಯೋ ಖುಷಿ. “ಇವ ನಮ್ಗೆ ದೇವ್ರು ಕೊಟ್ಟ ಬಾಲವೇಷ ಮಾರಾಯ್ತಿ. ಬೇರೆ ಮಕ್ಳಿಗೆ ನಾಲ್ಕು ಹೆಜ್ಜೆ ಕಲಿಸುವಷ್ಟರಲ್ಲಿ ತೆಂಗಿನ ಮರ ಆಗ್ತಾವೆ. ಇವ ನೋಡು, ಹಾಗೇ ಇದ್ದಾನೆ.”

ನಾನು ನಕ್ಕೆ. ಮಗನ ಕೆನ್ನೆ ಸವರಿ ಬೆರಳು ಮುರಿದು ದೃಷ್ಟಿ ತೆಗೆದೆ. ಒಂದು ವರ್ಷದಲ್ಲಿ ಮಗುವಿಗೆ ಒಂದು ಮಡಿಕೆಯಷ್ಟೂ ಬೆಳವಣಿಗೆ ಆಗಿಲ್ಲ ಎಂಬುದು ನನ್ನ ಕಣ್ಣೆದುರಿಗೇ ಇತ್ತು, ಅದನ್ನು ನಾವೆಲ್ಲ ಸೇರಿ ಹಬ್ಬ ಮಾಡಿದೆವು. ಅವರಿಗಾದರೆ ಗೊತ್ತಿರಲಿಲ್ಲ. ನನಗೆ —

ಅದೇ ತಿಂಗಳು ಡಾಕ್ಟರಮ್ಮ ಅವನನ್ನು ಅಳತೆಯ ಕಂಬಕ್ಕೆ ನಿಲ್ಲಿಸಿ, ಕನ್ನಡಕ ಏರಿಸಿ ಎರಡು ಸಲ ನೋಡಿದರು. ಅವನನ್ನು ಹೊರಗೆ ಕೂರಿಸಿ, ಎಷ್ಟು ಬೆಳೆಯಬೇಕಿತ್ತೋ ಅಷ್ಟು ಬೆಳೆದಿಲ್ಲ ಎಂದರು. ಮಾತ್ರೆಯಿಂದಲೇ ಎಂದು ಹೇಳಲಾಗದು, ಮೊದಲು ಸರಿಯಾಗಿ ಉಣ್ಣದೆ ಇದ್ದುದರಿಂದಲೂ ಇರಬಹುದು, ವಂಶದಲ್ಲೇ ಇರಬಹುದು. ಬೆಳವಣಿಗೆಯ ತಜ್ಞರಿಗೆ ತೋರಿಸಿ, ನಾನು ನಿಧಾನವಾಗಿ ಪ್ರಮಾಣ ಇಳಿಸುತ್ತ ನೋಡುತ್ತೇನೆ, ಬೇಕಾದರೆ ಬೇರೆ ಮಾತ್ರೆಗೆ ಬದಲಿಸೋಣ ಎಂದರು. ಹೆದರುವಂಥದ್ದೇನೂ ಅವರು ಹೇಳಲಿಲ್ಲ. ವಾರ್ಷಿಕೋತ್ಸವ ಮುಗಿಸಿಕೊಂಡು ಬರುತ್ತೇವೆ ಎಂದೆ. ಆಮೇಲೆ ಅತ್ತ ತಲೆ ಹಾಕಲಿಲ್ಲ. ಅವರ ಕ್ಲಿನಿಕ್ಕಿನಿಂದ ಫೋನ್ ಬಂದರೆ ಊರಿಗೆ ಬಂದಿದ್ದೇವೆ ಎನ್ನುತ್ತಿದ್ದೆ. ಸುಧಾಕರರಿಗೆ, ಎಲ್ಲ ಸರಿ ಇದೆಯಂತೆ, ಇದನ್ನೇ ಮುಂದುವರಿಸಲು ಹೇಳಿದ್ದಾರೆ ಎಂದೆ. ಹೋಟೆಲಿನ ಪಕ್ಕದ ಮೆಡಿಕಲ್ಲಿನವರು ದಿನಾ ಬಂದು ಕಾಫಿ ಕುಡಿಯುವ ಗಿರಾಕಿ. ಹಳೆಯ ಚೀಟಿ ತೋರಿಸಿದರೆ ಸಾಕಿತ್ತು, ಕೆಲವು ತಿಂಗಳ ಮೇಲೆ ಅದೂ ಬೇಡವಾಯಿತು.

ಏಕೆ ಹಾಗೆ ಮಾಡಿದೆ? ಬಹಳ ಕಾಲ ನನಗೆ ನಾನೇ ಹೇಳಿಕೊಂಡದ್ದು ಆ ರೈಲ್ವೆ ಪ್ಲಾಟ್‌ಫಾರ್ಮಿನ ಕಾರಣ. ಮಾತ್ರೆ ಇಳಿಸಿದರೆ ಮಗ ಮತ್ತೆ ಅದೇ ಮಾತು ಕೇಳಿಬಿಟ್ಟಾನು; ಗಿಡ್ಡವಾದರೂ ಸರಿ, ಇರಲಿ. ಆ ಭಯ ಸುಳ್ಳಲ್ಲ. ಆದರೆ ಅದಷ್ಟೇ ಆಗಿದ್ದರೆ ಡಾಕ್ಟರ ಬಳಿ ಹೋಗಿ ಅಳುತ್ತಿದ್ದೆ, ಹೀಗೆ ಕಳ್ಳಿಯಂತೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಿಜ ಏನೆಂದರೆ — ನನಗೆ ಆ ಚಪ್ಪಾಳೆ ಬೇಕಿತ್ತು. ಮಾಟುಂಗದ ಆ ಸಭಾಂಗಣದಲ್ಲಿ ಅಷ್ಟು ವರ್ಷ ನಾನು ವಾಸುದೇವಣ್ಣನ ತಮ್ಮನ ಹೆಂಡತಿ. ಈಗ ಜನ ಎದ್ದು ಬಂದು, ನೀವು ಆ ಹುಡುಗನ ತಾಯಿಯಲ್ಲವೇ ಎಂದು ಕೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತಿದ್ದರು. ಮಗ ಒಂದಿಷ್ಟು ಕಾಲ ಹಾಗೇ ಇರಲಿ, ಇಷ್ಟರಲ್ಲೇ ಬೆಳೆಯುವುದು ಬೇಡ ಎಂದು ನಾನು ಮನಸ್ಸಿನಲ್ಲಿ ಬಯಸಿದ್ದುಂಟು. ಹೆತ್ತವಳು ಬಯಸುವ ಮಾತಲ್ಲ ಇದು. ಬಯಸಿದ್ದೆ.

ಇನ್ನೊಂದು ವರ್ಷವೂ ಅವನ ಮಡಿಕೆ ಬಿಚ್ಚಲಿಲ್ಲ. ಅವನ ಜೊತೆಗೇ ಸೇರಿದ್ದ ಹುಡುಗರ ದನಿ ಒಡೆಯಿತು, ತುಟಿಯ ಮೇಲೆ ನೆರಳು ಮೂಡಿತು. ಅವರಲ್ಲೊಬ್ಬನಿಗೆ ಪುಂಡುವೇಷ ಕೊಟ್ಟರು. ನಿಶು ತನಗೂ ಬೇಕೆಂದು ದೊಡ್ಡಪ್ಪನ ಮುಂದೆ ಹೋಗಿ ನಿಂತ. ಭಾವ ಅವನ ತಲೆಯ ಮೇಲೆ ಕೈಯಿಟ್ಟು, “ನಿಂಗೆ ಎತ್ತರ ಸಾಲುದಿಲ್ಲ ಮಗಾ. ಬಾಲವೇಷ ಮಾಡು, ಅದ್ರಲ್ಲಿ ನಿನ್ನಂಥವ ಯಾರಿದ್ದಾರೆ?” ಎಂದರು. ಹೊಗಳಿಕೆಯೇ ಅದು. ವಾಪಸು ಬರುವಾಗ ಲೋಕಲಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತಲೇ ಇದ್ದ. ಭಾಂಡುಪ್ ಸ್ಟೇಷನ್ ದಾಟಿದ ಮೇಲೆ ಕೇಳಿದ.

“ಮಮ್ಮಿ, ಗೋಲಿ ಕಾಮ್ ಮಾಡ್ತಾ ಇಲ್ಲ. ಅದ್ರ ಪವರ್ ಕಮ್ಮಿ ಉಂಟಾ?”

“ನಿಧಾನಕ್ಕೆ ಮಾಡ್ತದೆ. ತಾಳ್ಮೆ ಬೇಕು” ಎಂದೆ.

ತಾಳ್ಮೆ ಎಲ್ಲಿಂದ ಬಂದೀತು, ಅವನು ಹದಿಮೂರರ ಹುಡುಗ. ಮಾತ್ರೆ ಎಲ್ಲಿದೆ ಎಂದು ಗೊತ್ತಿತ್ತು. ನಾನು ಸ್ನಾನಕ್ಕೆ ಹೋದಾಗ ತಾನೇ ಇನ್ನೊಂದು, ಮತ್ತೊಂದು ತೆಗೆದು ನುಂಗತೊಡಗಿದ. ಮುಂದಿನ ಭಾನುವಾರ ಅಭ್ಯಾಸದಲ್ಲಿ ಗೆಜ್ಜೆ ಕಟ್ಟಲು ಹೋದವನ ಬೆರಳು ನಡುಗುತ್ತಿತ್ತು. ಫ್ಯಾನಿನ ಕೆಳಗೇ ಕೂತಿದ್ದರೂ ಬೆವರು ಹರಿಯುತ್ತಿತ್ತು, ಎರಡೆರಡು ಸಲ ಟಾಯ್ಲೆಟ್ಟಿಗೆ ಓಡಿದ. ಬಿಸಿಲು ಬಡಿದಿರಬೇಕು ಎಂದರು ಭಾವ. ಮನೆಗೆ ಕರೆತಂದು ನೋಡಿದರೆ ಮಾತ್ರೆಯ ಪಟ್ಟಿ ಬಹುಪಾಲು ಖಾಲಿ. ಎಷ್ಟು ತಿಂದೆ ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. “ಬೇಗ ಉದ್ದ ಆಗ್ಬೇಕಿತ್ತು” ಎಂದ.

ಪಕ್ಕದ ಬಿಲ್ಡಿಂಗಿನ ಡಾಕ್ಟರ ಬಳಿಗೆ ಎತ್ತಿಕೊಂಡೇ ಓಡಿದೆ — ಆ ವಯಸ್ಸಿನ ಹುಡುಗನನ್ನು ಎತ್ತಿಕೊಳ್ಳಲು ನನಗೆ ಆಯಿತು. ಏನು ತಿಂದ ಎಂದು ಡಾಕ್ಟರು ಕೇಳಿದರು. ಹೊರಗೆ ಪಾನಿಪುರಿ ತಿಂದಿದ್ದಾನೆ ಎಂದೆ. ಅವರು ಅದಕ್ಕೆ ತಕ್ಕ ಔಷಧಿ ಕೊಟ್ಟರು. ಮಗನ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿ ಡಾಕ್ಟರ ಎದುರಿಗೇ ಸುಳ್ಳು ಹೇಳಿ ಬಂದವಳು ನಾನು. ಆವತ್ತು ಅವನಿಗೆ ಏನಾದರೂ ಆಗಿದ್ದರೆ — ಈ ವಾಕ್ಯವನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮುಗಿಸಿಲ್ಲ.

ಅವನು ಸುಧಾರಿಸಿಕೊಂಡ. ನಾನು ಹೆದರಿ ಉಳಿದ ಮಾತ್ರೆಗಳನ್ನೆಲ್ಲ ಎಸೆದೆ, ಒಂದೇ ಏಟಿಗೆ ನಿಲ್ಲಿಸಿಬಿಟ್ಟೆ. ಮಾಡಬಾರದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಲ್ಲ, ಅದನ್ನೂ ಮಾಡಿದೆ. ವಾರಗಟ್ಟಲೆ ಹುಡುಗನಿಗೆ ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಎನ್ನುತ್ತಿದ್ದ, ಸಣ್ಣ ಮಾತಿಗೂ ಸಿಡಿಯುತ್ತಿದ್ದ, ಆಮೇಲೆ ಅಳುತ್ತಿದ್ದ. ವೈರಲ್ ಎಂದೆ. ಪರೀಕ್ಷೆಯ ಟೆನ್ಷನ್ ಎಂದೆ. ಎತ್ತರದ ಮಾತ್ರೆಯ ಕೋರ್ಸ್ ಮುಗಿಯಿತು, ಇನ್ನು ತಾನಾಗಿ ಬೆಳೆಯುತ್ತೀ ಎಂದೆ. ಅದೃಷ್ಟ ಎನ್ನಬೇಕು, ಹಳೆಯ ಕತ್ತಲೆ ಆಗ ಮರಳಲಿಲ್ಲ. ಯಕ್ಷಗಾನವನ್ನು ಮಾತ್ರ ಬಿಟ್ಟ. ಭಾವ ಒಂದು ವರ್ಷ ನಮ್ಮ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ನಿಶು ಸ್ವಲ್ಪ ಬೆಳೆದ, ಅಪ್ಪನ ಭುಜದವರೆಗೆ. ಅಲ್ಲಿಗೆ ನಿಂತ. ಕಾಲೇಜಿನಲ್ಲಿ ಅವನನ್ನು ಛೋಟು ಎಂದೇ ಕರೆಯುತ್ತಿದ್ದರು. ಯಾರಾದರೂ ಕೇಳಿದರೆ, “ಮಮ್ಮಿ ಕಡೆ ಜೀನ್ಸ್” ಎಂದು ನಗುತ್ತಾನೆ. ನನ್ನ ತಮ್ಮ ಗಿಡ್ಡ. ಆ ಪಾಪದವನ ಹಿಂದೆ ನಾನು ಇಷ್ಟು ವರ್ಷ ಅಡಗಿ ಕೂತಿದ್ದೆ.

ಈಗ ಅವನು ಇಪ್ಪತ್ತೆರಡರ ಯುವಕ, ಪಕ್ಕದ ಥಾಣೆ ನಗರದ ಒಂದು ಆಫೀಸಿನಲ್ಲಿ ಕೆಲಸ. ಈ ವರ್ಷ ಮತ್ತೆ ಆರಂಭವಾಯಿತು — ಊಟ ಸೇರದು, ರಜೆಯ ದಿನ ಹಾಸಿಗೆಯಿಂದ ಏಳಲಾರ. ನಾನು ಗುರುತು ಹಿಡಿದೆ, ಬಾಯಿ ಬಿಡಲಿಲ್ಲ. ಅವನೇ ಹೋಗಿ ಒಬ್ಬ ಮನೋವೈದ್ಯರನ್ನು ಗೊತ್ತು ಮಾಡಿಕೊಂಡು ಬಂದ. ಮನೆಯವರೂ ಒಬ್ಬರು ಜೊತೆಗೆ ಬರಲಿ ಎಂದಿದ್ದಾರೆ ಎಂದು ನನ್ನನ್ನು ಕರೆದೊಯ್ದ. ತರುಣ ಡಾಕ್ಟರು, ಸೌಮ್ಯ ಮನುಷ್ಯ. ಹಿಂದೆ ಎಂದಾದರೂ ಹೀಗಾಗಿತ್ತೇ, ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಕೇಳಿದರು.

“ನಹೀ ಡಾಕ್ಟರ್, ನೆವರ್” ಎಂದ ನನ್ನ ಮಗ. “ಬಚಪನ್ ಮೇಂ ಏಕ್ ಬಾರ್ ಲೋ ಥಾ. ಖುದ್ ಸೇ ನಿಕಲ್ ಗಯಾ. ಯಕ್ಷಗಾನ ಥಾ ನಾ.” ಚಿಕ್ಕಂದಿನಲ್ಲಿ ಒಮ್ಮೆ ಮನಸ್ಸು ಕುಗ್ಗಿತ್ತು, ಯಕ್ಷಗಾನವಿತ್ತು, ತಾನೇ ಎದ್ದು ಬಂದೆ ಎಂಬ ಆ ಮಾತು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. ನನ್ನ ಕಡೆ ತಿರುಗಿ, “ಹೈ ನಾ, ಮಮ್ಮಿ?” ಎಂದ.

ನಾನು ಸುಮ್ಮನಿದ್ದಿದ್ದರೂ ಒಂದು ಮಾತಾಗುತ್ತಿತ್ತು. “ಹೌದು” ಎಂದೆ.

ಅವರು ಹೊಸ ಮಾತ್ರೆ ಶುರು ಮಾಡಿದರು. ನಾನು ಒಂದು ಕಾಲದಲ್ಲಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಂಥ ಮಾತ್ರೆಯನ್ನು ಅವನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕ ಇಟ್ಟ. ಪಕ್ಕದ ಮನೆಯ ಹೆಂಗಸು ಇದೇನು ಎಂದು ಕೇಳಿದರೆ, ಡಿಪ್ರೆಶನ್ನಿನ ಗೋಲಿ ಆಂಟಿ ಎಂದು ನೇರವಾಗಿ ಹೇಳಿದ. ಆಕೆ ಹೌದಾ ಎಂದು ಸಕ್ಕರೆ ತೆಗೆದುಕೊಂಡು ಹೋದಳು. ಅಷ್ಟೇ ಆದದ್ದು. ಅಷ್ಟೇ ಆಗುತ್ತಿತ್ತೇನೋ, ಆಗಲೂ.

ಆ ಮಾತ್ರೆ ಅವನಿಗೆ ಒಗ್ಗಲಿಲ್ಲ. ಹೊಟ್ಟೆ ತೊಳಸಿತು, ನಿದ್ದೆ ಹೋಯಿತು, ಮನಸ್ಸು ಮೇಲೇಳಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪಟ್ಟಿಯನ್ನು ಮೇಜಿನ ಮೇಲಿಂದ ತೆಗೆದು ಜೇಬಿಗೆ ಹಾಕಿಕೊಂಡ.

“ಮಮ್ಮಿ, ನಾನು ಇದು ಬಂದ್ ಮಾಡ್ತೇನೆ. ಡಾಕ್ಟರ್‌ಗೆ ಹೇಳುದಿಲ್ಲ. ಆಗ ಹತ್ತು ವರ್ಷದವ, ಗೋಲಿ ಇಲ್ದೆ ಸರಿ ಆದೆ. ಈಗ ಯಾಕೆ ಆಗುದಿಲ್ಲ?”

ನಾನು ಕಟ್ಟಿದ ಸುಳ್ಳಿನ ಮೇಲೆ ಕಾಲಿಟ್ಟು ಅವನು ಹೊರಟಿದ್ದ. ಈಗಲೂ ಬಾಯಿ ಮುಚ್ಚಿಕೊಂಡರೆ ಅವನು ಎಲ್ಲಿ ಹೋಗಿ ಬೀಳುತ್ತಾನೆಂದು ನನಗೆ ಗೊತ್ತಿತ್ತು. ಕೂತುಕೋ ಎಂದೆ. ಅವನು ಕೂತ. ಎಲ್ಲ ಹೇಳಿದೆ — ಉದ್ದ ಆಗುವ ಗೋಲಿ ಉದ್ದ ಆಗುವ ಗೋಲಿಯಲ್ಲ ಎಂಬಲ್ಲಿಂದ, ಡಾಕ್ಟರಮ್ಮ ಅಳೆಯಬೇಕು ಎಂದದ್ದು, ನಾನು ತಪ್ಪಿಸಿದ್ದು, ಮಡಿಕೆ ಬಿಚ್ಚದಿದ್ದಾಗ ನಕ್ಕದ್ದು, ಪಾನಿಪುರಿ, ಎಲ್ಲ. ಕನ್ನಡದಲ್ಲಿ ಹೇಳಿದೆ, ಅವನಿಗೆ ತಿಳಿಯದಿದ್ದೀತೆಂದು ಹಿಂದಿಯಲ್ಲೂ ಹೇಳಿದೆ. ಬೈಯುತ್ತಾನೆ, ತನ್ನ ಎತ್ತರದ ಲೆಕ್ಕ ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಅದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಅವನು ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ಬಳಿ ನಿಂತು, “ಗುರುವಾರ ಅಪಾಯಿಂಟ್‌ಮೆಂಟ್ ಉಂಟು. ನೀವು ಬಂದು ಹೇಳಿ” ಎಂದ. ನನಗೆ ಯಾವತ್ತೂ ನೀನು ಎನ್ನುವ ಹುಡುಗ.

ಅದೇ ಸಂಜೆ ಸುಧಾಕರರಿಗೂ ಹೇಳಿದೆ. ಅವರು ಊಟ ಬೇಡ ಎಂದರು.

ಗುರುವಾರ ಹೋದೆವು. ಡಾಕ್ಟರು ಕುಶಲ ವಿಚಾರಿಸುತ್ತಿದ್ದಂತೆ ನಿಶು ನನ್ನ ಕಡೆ ಬೆರಳು ಮಾಡಿ, “ಮಮ್ಮಿ ಬತಾಯೇಗಿ” ಎಂದ. ನಾನು ಮೂರನೆಯ ಬಾರಿ ಹೇಳಿದೆ. ಮೂರನೆಯ ಬಾರಿ ಸುಲಭವಾಗಬೇಕಿತ್ತು, ಆಗಲಿಲ್ಲ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಚಿಕ್ಕಂದಿನಲ್ಲಿ ಯಾವ ಮಾತ್ರೆ ಒಗ್ಗಿತ್ತು ಎಂದು ಮೊದಲ ದಿನವೇ ಗೊತ್ತಿದ್ದರೆ ಇಷ್ಟು ವಾರ ನಿಮ್ಮ ಮಗನಿಗೆ ಈ ಕಷ್ಟ ಇರುತ್ತಿರಲಿಲ್ಲವೇನೋ ಎಂದರು. ಬೈಗುಳವಲ್ಲ, ಬರೆದುಕೊಳ್ಳುತ್ತ ಹೇಳಿದ ಮಾತು. ಎತ್ತರದ ಬಗ್ಗೆ ನಾನೇ ಕೇಳಿದೆ. ಈಗ ಯಾರೂ ಖಚಿತವಾಗಿ ಹೇಳಲಾರರು ಎಂದರು. ಮಾತ್ರೆಯೂ ಇರಬಹುದು, ಕಾಯಿಲೆಯೂ ಇರಬಹುದು, ಹುಟ್ಟಿನಿಂದ ಬಂದದ್ದೂ ಇರಬಹುದು. ಆಗ ಅಳೆಯುತ್ತ ಹೋಗಿದ್ದರೆ ತಿಳಿಯುತ್ತಿತ್ತು, ಏನಾದರೂ ಮಾಡಲು ಆಗ ಸಮಯವೂ ಇತ್ತು. ನಿಮ್ಮಿಂದಲೇ ಎಂದು ಅವರು ಹೇಳಿದ್ದರೆ ಒಂದು ರೀತಿ ನೆಮ್ಮದಿಯಾಗುತ್ತಿತ್ತು. ಆ ‘ಇರಬಹುದು’ ಎಂಬುದನ್ನು ಇನ್ನು ಸಾಯುವವರೆಗೆ ಹೊತ್ತುಕೊಂಡಿರಬೇಕು.

ಎತ್ತರದ ಮಾತು ನಡೆಯುವಾಗ ನಿಶು ಕಿವಿಗೊಟ್ಟಂತೆಯೇ ಕಾಣಲಿಲ್ಲ. ಅವನಿಗೆ ಬೇಕಾದದ್ದು ಬೇರೆ ಇತ್ತು, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಹಿಂದಿಯಲ್ಲಿ, ತಡವರಿಸುತ್ತ ಕೇಳಿದ: ತಾನು ಅಷ್ಟು ಚಿಕ್ಕವನಿದ್ದಾಗ ಅಷ್ಟು ದೊಡ್ಡ ಕತ್ತಲೆಯಿಂದ ತಾನೇ ಎದ್ದು ಬಂದೆ ಎಂದುಕೊಂಡಿದ್ದೆ. ಏನೇ ಬಂದರೂ ಅದೊಂದು ನೆನಪು ಸಾಕಾಗುತ್ತಿತ್ತು. ಹಾಗಾದರೆ ಆ ದಿನಗಳಲ್ಲಿ ರಂಗದ ಮೇಲೆ ಕುಣಿದದ್ದು ತಾನೋ, ಗೋಲಿಯೋ — “ಸ್ಟೇಜ್ ಪೇ ವೊ ಮೈಂ ಥಾ, ಯಾ ಗೋಲಿ ಥೀ?”

ಡಾಕ್ಟರು ಪೆನ್ನು ಕೆಳಗಿಟ್ಟರು. ಗೋಲಿಗೆ ಕುಣಿಯಲು ಬರುವುದಿಲ್ಲ ಎಂದರು. ಮಾತು ಉರು ಹೊಡೆದದ್ದು, ತಾಳ ಹಿಡಿದದ್ದು, ಅಷ್ಟು ಜನರ ಮುಂದೆ ನಿಂತದ್ದು ನೀನೇ. ಏಳಲು ಆಗದಂತೆ ಕೂತಿದ್ದ ಮಗುವನ್ನು ಗೋಲಿ ಕೈ ಹಿಡಿದು ಎಬ್ಬಿಸಿತು, ಆಮೇಲೆ ನಡೆದವನು ನೀನು. ನಿಧಾನವಾಗಿ, ಮತ್ತೆ ಮತ್ತೆ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ನನ್ನ ಮಗ ಮುಂದಕ್ಕೆ ಬಾಗಿ, ಒಂದು ಶಬ್ದವೂ ತಪ್ಪಬಾರದೆಂಬಂತೆ ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಂಡ. ಕೊನೆಗೆ ತಲೆಯಾಡಿಸಿ, ಕಣ್ಣು ಒರೆಸಿಕೊಂಡ.

ಆ ಉತ್ತರ ನನಗೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಕೂತು ಅವನ ಪ್ರತಿಯೊಂದು ಹೆಜ್ಜೆಯನ್ನೂ ನೋಡಿದವಳು ನಾನು; ಅದು ಅವನೇ ಎಂದು ನನ್ನಷ್ಟು ತಿಳಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ನಾನು ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅವನು ನನ್ನನ್ನು ಕೇಳಲಿಲ್ಲ.